ಮೂಟೆಯ ಬಾಯಿಗೆ ಹೊಲಿದ ಪಟ್ಟಿ

ಹಾಲಿನ ಪುಡಿಗೂ ಊದಿನಕಡ್ಡಿಯ ವಾಸನೆ ಹತ್ತುತ್ತದೆ. ಪೊಟ್ಟಣ ಬಿಗಿಯಾಗಿದ್ದರೆ ಒಳಗಿನ ಪುಡಿ ಕೆಡುವುದಿಲ್ಲ; ಆದರೆ ಮೇಲಿನ ರಟ್ಟಿಗೆ, ಗೋಣಿಗೆ ಒಮ್ಮೆ ಹತ್ತಿದ ವಾಸನೆ ಬಿಡುವುದಿಲ್ಲ. ಮೊನ್ನೆ ದೀಪಾಂಜಲಿ ನಗರದಲ್ಲಿ ಮೆಟ್ರೊ ಇಳಿದು ಮೆಟ್ಟಿಲ ಮೇಲಿದ್ದಾಗ, ಕಡ್ಡಿಯ ಕಟ್ಟು ಹೊತ್ತ ಹೆಂಗಸೊಬ್ಬಳು ಪಕ್ಕದಲ್ಲೇ ಹಾದುಹೋದಳು. ಹಚ್ಚದ ಕಡ್ಡಿಯ ವಾಸನೆ ಹಚ್ಚಿದ ಕಡ್ಡಿಯದರಂತಲ್ಲ. ಅದರಲ್ಲಿ ಒದ್ದೆ ಮರದ ಪುಡಿ ಇರುತ್ತದೆ, ಬೆಲ್ಲ ಇರುತ್ತದೆ, ಗಂಧ ಸ್ವಲ್ಪವೇ. ನಾನು ಕಂಬಿ ಹಿಡಿದು ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಆಂಟಿ, ಸ್ವಲ್ಪ ಸೈಡಿಗೆ" ಎಂದರು. ಸರಿದೆ. ಬೋರೇಗೌಡರ ಊದಿನಕಡ್ಡಿಯ ಗೋಡೌನು ಇದ್ದ ಜಾಗ ಅಲ್ಲಿಂದ ಕೂಗಳತೆಯಲ್ಲಿದೆ. ಈಗ ಅಲ್ಲಿ ಟೈಲ್ಸ್ ಅಂಗಡಿ. ಹೋಗಿ ನೋಡಿದೆ, ಒಳಗೆ ಕಾಲಿಡಲಿಲ್ಲ.

ಎರಡು ಸಾವಿರದ ಎಂಟರ ನವೆಂಬರು ಅದು. ಮೆಟ್ರೊ ಇನ್ನೂ ಈ ಕಡೆಗೆ ಬಂದಿರಲಿಲ್ಲ. ನಾನು ವಿಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಯೋಗೇಶ್ವರಿ ಅಲ್ಲಿನ ಹೆರಿಗೆ ವಾರ್ಡಿನ ನರ್ಸು. ಎಲ್ಲರೂ ಅವಳನ್ನು ಕೇರಳದವಳೆಂದು ತಿಳಿದಿದ್ದರು. ನರ್ಸು ಎಂದರೆ ಕೇರಳ ಎನ್ನುವುದು ನಮ್ಮಲ್ಲಿ ಯಾರೂ ಪರೀಕ್ಷಿಸಿ ನೋಡದ ನಂಬಿಕೆ. ಅವಳೂ ತಿದ್ದಲಿಲ್ಲ. ಅವಳು ಶ್ರೀಲಂಕಾದ ಉತ್ತರ ಭಾಗದ ತಮಿಳು ಹೆಣ್ಣುಮಗಳು. ಚಿಕ್ಕವಳಿದ್ದಾಗ ದೋಣಿಯಲ್ಲಿ ದಾಟಿ ಬಂದವಳು. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಈ ಊರಿನಲ್ಲಿ ಅವಳಿಗೆ ಎರಡು ಭಯ. ತಮಿಳು ಆಡಿದರೆ ಕಾವೇರಿ, ಲಂಕೆಯ ತಮಿಳು ಆಡಿದರೆ ಪೊಲೀಸು. "ಕೇರಳ ಅಂದ್ರೆ ಯಾರೂ ಮುಂದಿನ ಪ್ರಶ್ನೆ ಕೇಳಲ್ಲ, ಸುಮಾ ಅಕ್ಕ" ಎಂದಿದ್ದಳು.

ಅವಳ ಒಡಹುಟ್ಟಿದ ಅಕ್ಕ ಭುವನಾ ಅಲ್ಲೇ ಉಳಿದಿದ್ದಳು, ವನ್ನಿ ಎಂದು ಕರೆಯುವ ಕಾಡುಸೀಮೆಯಲ್ಲಿ. ಆ ವರ್ಷ ಸರ್ಕಾರದ ಸೈನ್ಯ ಮೂರು ದಿಕ್ಕಿನಿಂದ ಒಳಕ್ಕೆ ನುಗ್ಗುತ್ತಿತ್ತು. ಬಂಡುಕೋರರು ಊರುಗಳನ್ನೇ ಎಬ್ಬಿಸಿಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದರು. ನಡುವೆ ಸಿಕ್ಕಿದ್ದ ಜನರನ್ನು ಒಂದು ಕಡೆಯವರು ಹೊರಗೆ ಬಿಡುತ್ತಿರಲಿಲ್ಲ, ಇನ್ನೊಂದು ಕಡೆಯವರು ನಂಬುತ್ತಿರಲಿಲ್ಲ. ಪರಿಹಾರ ಕೆಲಸದವರು ಹೊರಗೆ ಬಂದುಬಿಟ್ಟಿದ್ದರು. ಆಗೀಗ ಲಾರಿಗಳ ಒಂದು ಸಾಲು ಮಾತ್ರ ಅನುಮತಿ ಪಡೆದು ಅಕ್ಕಿ, ಔಷಧಿ ಹೊತ್ತು ಒಳಗೆ ಹೋಗಿ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ಭುವನಾಳಿಗೆ ಹೆಣ್ಣುಮಗು ಹುಟ್ಟಿತೆಂದು ಫೋನು ಬಂದಿತ್ತು. ಎದೆಹಾಲು ಸಾಲುತ್ತಿಲ್ಲ, ಪೇಟೆಯಲ್ಲಿ ಪುಡಿ ಸಿಗುತ್ತಿಲ್ಲ ಎಂದಿದ್ದಳಂತೆ. ಅದೇ ಕೊನೆ. ಆಮೇಲೆ ಆ ಕಡೆಯ ಯಾವ ಫೋನೂ ಹತ್ತಲಿಲ್ಲ.

ಬೋರೇಗೌಡರು ನಮ್ಮ ನರ್ಸಿಂಗ್ ಹೋಮಿಗೆ ಸಕ್ಕರೆ ಕಾಯಿಲೆಯ ಮಾತ್ರೆಗೆ ಬರುತ್ತಿದ್ದರು. ಮೈಸೂರು ರಸ್ತೆಯ ಹಳೆಯ ಹಳ್ಳಿಯೊಂದರ ಮನೆತನ. ಹೊಲ ಲೇಔಟಾದ ಮೇಲೆ ಊದಿನಕಡ್ಡಿಯ ವ್ಯಾಪಾರಕ್ಕೆ ಇಳಿದಿದ್ದರು. ಬಡಾವಣೆಯ ಕನ್ನಡ ಸಂಘಕ್ಕೆ ಅವರೇ ಅಧ್ಯಕ್ಷರು. ಆ ವರ್ಷವೇ ಹೊಗೇನಕಲ್ಲಿನ ನೀರಿನ ಗಲಾಟೆಯಲ್ಲಿ ಬಾವುಟ ಹಿಡಿದು ರಸ್ತೆಯಲ್ಲಿ ಕೂತವರು. ಹಾಗಿರುವಾಗ ಒಂದು ದಿನ ಕೌಂಟರಿನ ಮುಂದೆ ನಿಂತು, "ಸುಮಮ್ಮ, ಎಳೇ ಮಕ್ಕಳಿಗೆ ಯಾವ ಹಾಲಿನ ಪುಡಿ ಒಳ್ಳೇದು? ಮೂಟೆಗಟ್ಲೆ ಬೇಕು" ಎಂದರು.

ಅವರಿಂದ ಕಡ್ಡಿ ಕೊಳ್ಳುವ ಚೆನ್ನೈನ ವ್ಯಾಪಾರಿಯೊಬ್ಬರು ವನ್ನಿಯ ಜನರಿಗೆಂದು ಸಾಮಾನು ಸೇರಿಸುತ್ತಿದ್ದರು. ಒಂದು ಪರಿಹಾರ ಸಂಸ್ಥೆ ಅದನ್ನು ಹಡಗಿನಲ್ಲಿ ಕೊಲಂಬೊಗೆ, ಅಲ್ಲಿಂದ ಗಡಿಯಂತಿದ್ದ ವವುನಿಯಾ ಪಟ್ಟಣಕ್ಕೆ ಒಯ್ದು ಲಾರಿಗಳ ಸಾಲಿಗೆ ಸೇರಿಸುತ್ತದಂತೆ. ಗೌಡರು ಟಿ.ವಿ.ಯಲ್ಲಿ ಶೆಲ್ಲಿಗೆ ಹೆದರಿ ಗುಂಡಿಯೊಳಗೆ ಕೂತ ಮಕ್ಕಳನ್ನು ನೋಡಿದ್ದರು.

"ತಮಿಳರಿಗಾ ಗೌಡ್ರೇ?" ಎಂದು ನಾನು ನಗುತ್ತಾ ಕೇಳಿದೆ.

"ನೋಡವ್ವ, ನೀರಿನ ಜಗಳ ಬೇರೆ, ಮಕ್ಕಳ ಹೊಟ್ಟೆ ಬೇರೆ. ಜಗಳ ಎಲ್ಲಿಗೂ ಹೋಗಾಕಿಲ್ಲ, ಆಮೇಲ್ ಆಡಿದ್ರಾಯ್ತು."

ಯೋಗೇಶ್ವರಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಟ್ರೇ ಕೆಳಗಿಟ್ಟು, "ಯಾವ ದಾರಿ? ವವುನಿಯಾ ದಾರೀನಾ?" ಎಂದು ಎರಡು ಸಲ ಕೇಳಿದಳು. ಆ ದಾರಿಯ ಆಚೆಗೇ ಭುವನಾ ಇದ್ದದ್ದು.

ಡ್ಯೂಟಿ ಮುಗಿಸಿ ಇಬ್ಬರೂ ಬಸ್ಸಿನಲ್ಲಿ ಗೋಡೌನಿಗೆ ಹೋಗತೊಡಗಿದೆವು. ಆ ತಿಂಗಳು ಬೆಂಗಳೂರಿನಲ್ಲಿ ಬಿಸಿಲೇ ಇರಲಿಲ್ಲ. ಸಮುದ್ರದ ಕಡೆ ವಾಯುಭಾರ ಕುಸಿದರೆ ಇಲ್ಲಿ ಜಡಿಮಳೆ. ಮೈಸೂರು ರಸ್ತೆಯ ಕೆಸರು ಸೀರೆಯ ಅಂಚಿಗೆ ಹತ್ತಿ ಒಣಗುತ್ತಿರಲಿಲ್ಲ. ಗೋಡೌನಿನ ಅರ್ಧ ಭಾಗದಲ್ಲಿ ಹೆಂಗಸರು ಕಡ್ಡಿ ಹೊಸೆಯುತ್ತಿದ್ದರು, ಇನ್ನರ್ಧದಲ್ಲಿ ನಾವು. ನಾನು ಔಷಧಿಗಳ ಅವಧಿ ನೋಡಿ ಬೇರೆ ಮಾಡುತ್ತಿದ್ದೆ. ಜನ ದಾನವೆಂದು ಕೊಟ್ಟ ಔಷಧಿಗಳಲ್ಲಿ ಅವಧಿ ಮೀರಿದ್ದೇ ಬಹಳ. ಜ್ವರದ ಮಾತ್ರೆ, ಗಾಯದ ಪಟ್ಟಿ ಉಳಿದವು. ಭೇದಿಗೆ ನೀರಿನಲ್ಲಿ ಕಲಸಿ ಕುಡಿಸುವ ಲವಣದ ಪುಡಿಯ ಪೊಟ್ಟಣಗಳನ್ನು ನಾನೇ ಸಗಟು ಅಂಗಡಿಯಿಂದ ತರಿಸಿದೆ. ಯೋಗೇಶ್ವರಿ ಪ್ರತಿ ಮೂಟೆಯಲ್ಲೂ ಹಾಲಿನ ಪುಡಿಯನ್ನು ನಡುವೆ, ಬಟ್ಟೆಗಳ ಒಳಗೆ ಸುತ್ತಿ ಇಡುತ್ತಿದ್ದಳು. ಬಾಣಂತಿಯ ಪಕ್ಕ ಕೂಸನ್ನು ಮಲಗಿಸುವ ಕೈಯೇ ಅದು.

ಚೆನ್ನೈನವರು ಫೋನಿನಲ್ಲಿ ನಿಯಮಗಳನ್ನು ಹೇಳಿದ್ದರು. ಬ್ಯಾಟರಿ ಸೆಲ್ಲು ಬೇಡ. ಸೈನಿಕರ ಉಡುಪಿನಂಥ ಹಸಿರು ಬಟ್ಟೆ ಬೇಡ. ಕತ್ತರಿ, ಬ್ಲೇಡು, ಗಾಜಿನ ಸೀಸೆ ಬೇಡ. ನಾವು ಒಂದನ್ನೂ ಮೀರಲಿಲ್ಲ. ಒಳ್ಳೆಯ ಹಸಿರು ಸ್ವೆಟರನ್ನೂ ತೆಗೆದು ಹೊರಗಿಟ್ಟೆವು. ಮೂಟೆ ಹೊಲಿಯುತ್ತಿದ್ದ ಶಾಂತವ್ವ ಆಟಿಕೆಯ ಕಾರುಗಳಿಂದ ಸೆಲ್ಲು ಕಿತ್ತು ಗುಡ್ಡೆ ಹಾಕುತ್ತಿದ್ದಳು. ಬಾಗಲಕೋಟೆ ಕಡೆಯಿಂದ ಬಂದು ಗೌಡರ ಹತ್ತಿರ ಕೆಲಸಕ್ಕಿದ್ದವಳು.

"ಸೆಲ್ ತಗದಮ್ಯಾಲ ಇದು ಕಾರ್ ಅಲ್ರೀ ಅಕ್ಕಾರ, ಎತ್ತಿನ ಬಂಡಿ. ಹುಡುಗೂರು ದಾರ ಕಟ್ಟಿ ಎಳೀಬೇಕು."

"ಎಳೀಲಿ ಬುಡಮ್ಮ, ಅಲ್ಲಿ ಪೆಟ್ರೋಲೂ ಇಲ್ವಂತೆ" ಎಂದರು ಗೌಡರು.

ಒಂದು ಸಂಜೆ ಗೌಡರು ಬಗಲಲ್ಲಿ ಬಟ್ಟೆಯ ಥಾನು ಹಿಡಿದು ಬಂದರು. ರಾಜ್ಯೋತ್ಸವಕ್ಕೆಂದು ತರಿಸಿದ ಬಾವುಟದ ಬಟ್ಟೆ, ಅರಿಶಿನ ಕೆಂಪು, ಸಂಘದಲ್ಲಿ ಮಿಕ್ಕಿತ್ತು.

"ಶಾಂತವ್ವ, ಇದನ್ನ ಪಟ್ಟಿ ಹರ್ಕೊಂಡು ಮೂಟೆ ಬಾಯಿಗೆ ಸೇರಿಸಿ ಹೊಲ್ದ್‌ಬುಡು. ಬಿಚ್ಚೋಗ್‌ಬಾರ್ದು, ಹಂಗೆ."

"ಯಾಕ್ರೀ ಗೌಡ್ರ, ಮೂಟಿಗೆ ಮದುವಿ ಏನ್ರಿ?"

"ಮದ್ವೇನೇ ಅಂದ್ಕೊ. ಕನ್ನಡದೋರು ಕಳಿಸಿದ್ರು ಅಂತ ಆ ಮಕ್ಕಳಿಗೆ ತಿಳೀಬೇಕು. ಕಾವೇರಿ ಅಂದ್ರೆ ಬೈಯ್ಯೋ ಜನ ಅಂತ್ಲೇ ತಿಳ್ಕೊಂಡಿರ್ತವೆ. ದೊಡ್ಡೋರಾದ್ಮೇಲೆ ಇದೊಂದನ್ನಾದ್ರೂ ನೆನಸ್ಕೊಳ್ಲಿ."

ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ಒದ್ದೆಯಾಗಿತ್ತು. ಅದು ಜಂಬವೇ ಆಗಿದ್ದರೂ ಪ್ರೀತಿಯೂ ಆಗಿತ್ತು. ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಇಂದಿಗೂ ಆಗಿಲ್ಲ.

ಶಾಂತವ್ವ ಮೊದಲ ಮೂಟೆಗೆ ಪಟ್ಟಿ ಹೊಲಿದು ಎತ್ತಿ ತೋರಿಸಿದಳು. ಚೆನ್ನಾಗಿ ಕಾಣುತ್ತಿತ್ತು. ಯೋಗೇಶ್ವರಿ ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ಬಂದಳು. ಪಟ್ಟಿಯ ಮೇಲೆ ಬೆರಳಿಟ್ಟಳು.

"ಗೌಡ್ರೇ, ಬಿಳಿ ಪಟ್ಟಿ ಹಾಕಿದ್ರೆ ಆಗಲ್ವಾ? ಆಸ್ಪತ್ರೆ ಸಾಮಾನು ಅಂತ ದೂರದಿಂದ್ಲೇ ಗೊತ್ತಾಗತ್ತೆ."

"ಬಿಳೀದು ಯಾರದ್ ಬೇಕಾದ್ರೂ ಆಗ್ಬೋದು ತಾಯಿ. ಯಾಕೆ, ನಿಮ್ ಕೇರಳದೋರಿಗೆ ನಮ್ ಬಾವುಟ ಕಂಡ್ರೆ ಆಗಾಕಿಲ್ವಾ?"

ಕಡ್ಡಿ ಹೊಸೆಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಯೋಗೇಶ್ವರಿಯೂ ನಕ್ಕಳು. "ಹಾಗೇನಿಲ್ಲ ಗೌಡ್ರೇ, ಸುಮ್ನೆ ಕೇಳ್ದೆ" ಎಂದು ತನ್ನ ಜಾಗಕ್ಕೆ ಹೋಗಿ ಕೂತಳು.

ಹಿಂದಿರುಗುವಾಗ ಬಸ್ಸಿನ ಕಿಟಕಿಯ ಗಾಜು ಮಬ್ಬಾಗಿತ್ತು. ಅವಳು ನನ್ನ ಕಡೆ ನೋಡದೆ, "ಅಕ್ಕ, ಆ ಬಟ್ಟೆ ಇರಲೇಬೇಕಾ?" ಎಂದಳು.

"ಗೌಡ್ರ ಆಸೆ ಅದು, ಯೋಗಾ. ಬಾವುಟ ಬೇಡ ಅಂದ್ರೆ ಅವರನ್ನೇ ಬೇಡ ಅಂದ ಹಾಗಾಗತ್ತೆ. ಹಸಿದಿರೋರು ಬಣ್ಣ ನೋಡ್ತಾರಾ?"

ಕನ್ನಡದ ಬಾವುಟ ಕಂಡು ತನ್ನ ಜನ ಮುಖ ತಿರುಗಿಸಿಯಾರೆಂಬ ಸಂಕೋಚ ಅವಳಿಗೆ ಎಂದು ನಾನು ತಿಳಿದೆ. ಅಷ್ಟಕ್ಕೇ ನನ್ನ ಯೋಚನೆ ನಿಂತಿತು. ಅವಳು ಆ ದೇಶದಲ್ಲಿ ಹುಟ್ಟಿದವಳು, ಅವಳ ಕಣ್ಣಿಗೆ ಬೇರೆ ಏನೋ ಬಿದ್ದಿರಬಹುದು ಎಂದು ನನಗೆ ಹೊಳೆಯಲಿಲ್ಲ. ಇಳಿದ ಮೇಲೆ ಮನೆಯ ಕಡೆಯ ಬಸ್ಸಿಗೆ ಕಾಯುತ್ತಾ ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದು ನೆನಪಿದೆ.

ಲಾರಿ ಹೊರಟ ದಿನ ಮಳೆ ಬಿಟ್ಟಿತ್ತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕಾಯಿ ಒಡೆದರು. ಸಾಲಾಗಿ ಪೇರಿಸಿದ ಮೂಟೆಗಳ ಬಾಯಲ್ಲೆಲ್ಲ ಅರಿಶಿನ, ಕೆಂಪು. ಮದುವೆಯ ದಿಬ್ಬಣವೇ ಎಂದು ಶಾಂತವ್ವ ಖುಷಿಪಟ್ಟಳು. ಗೌಡರು ಡ್ರೈವರನಿಗೆ ದಾರಿಯುದ್ದಕ್ಕೂ ಟಾರ್ಪಾಲು ನೋಡಿಕೊಳ್ಳಲು ಮೂರು ಮೂರು ಸಲ ಹೇಳಿದರು. ಯೋಗೇಶ್ವರಿ ಲಾರಿಯ ಹಿಂದಿನ ಹಲಗೆಯನ್ನು ಮುಟ್ಟಿ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

ಡಿಸೆಂಬರಿನಲ್ಲಿ ಸುದ್ದಿ ಬಂತು. ಅಂದು ನಾವು ಗೋಡೌನಿನಲ್ಲಿ ಎರಡನೆಯ ಲಾರಿಗೆಂದು ಬಟ್ಟೆ ವಿಂಗಡಿಸುತ್ತಿದ್ದೆವು. ಗೌಡರ ಮೊಬೈಲು ಮೊಳಗಿತು; ಚೆನ್ನೈನ ವ್ಯಾಪಾರಿ. ಮೊದಲು ಅವರು ಗಟ್ಟಿಯಾಗಿ, "ಏನ್ ಸಾರ್, ತಲುಪ್ತಾ?" ಎಂದರು. ಆಮೇಲೆ ಮೊಬೈಲನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಇಲ್ಲ ಸಾರ್... ಯಾರ ಬಾವುಟಾನೂ ಅಲ್ಲ ಸಾರ್, ನಮ್ದು... ನಮ್ ಕನ್ನಡದ್ದು ಸಾರ್." ಫೋನು ಇಟ್ಟು ನಮ್ಮ ಕಡೆ ತಿರುಗಿದರು.

"ವವುನಿಯಾದ ತಪಾಸಣೆಯೋರು ನಮ್ ಮೂಟೆ ಇಳಿಸ್ಬುಟ್ಟವ್ರಂತೆ. ಮಿಕ್ಕೋರ ಲಾರಿ ಒಳಗೆ ಹೋಯ್ತಂತೆ, ನಮ್ದು ಮಾತ್ರ ಶೆಡ್ಡಲ್ಲಿ. ಪಟ್ಟಿ ಯಾಕೆ ಹಾಕಿದ್ರಿ, ಯಾರ್ ಹೇಳಿದ್ರು ಅಂತ ಕೇಳ್ತಾವ್ರೆ. ಅರಿಶಿನ ಕೆಂಪಿನಾಗೆ ಅಂಥಾದ್ದೇನವ್ವ ಐತೆ?"

ಯಾರಿಗೂ ತಿಳಿಯಲಿಲ್ಲ. ನನಗೂ. ಆಗ ಯೋಗೇಶ್ವರಿ ಹೇಳಿದಳು.

"ಬಂಡುಕೋರರ ಬಾವುಟ ಅದೇ ಬಣ್ಣ ಗೌಡ್ರೇ. ಕೆಂಪು, ಹಳದಿ."

ಕಡ್ಡಿ ಹೊಸೆಯುವ ಹಲಗೆಗಳ ಸದ್ದು ನಿಂತಿತು.

"ನಿಂಗೆಂಗೆ ಗೊತ್ತವ್ವ? ನೀನು ಕೇರಳದೋಳಲ್ವಾ?"

"ಅಲ್ಲ. ನಾನು ಅಲ್ಲಿಯವಳೇ. ನಮ್ಮಕ್ಕ ಈಗ್ಲೂ ಅಲ್ಲೇ ಇದಾಳೆ. ಅವಳ ಹೆಣ್ಣುಮಗೂಗೆ ಇನ್ನೂ ಮೂರು ತಿಂಗಳು" ಎಂದಳು.

ಗೌಡರು ಬಟ್ಟೆಯ ಗಂಟಿನ ಮೇಲೆ ಕೂತರು. ಕೋಪ ಬರುತ್ತದೆಂದು ನಾನು ಕಾದೆ. ಬರಲಿಲ್ಲ.

"ಅವತ್ತೇ ಒಂದ್ ಮಾತು ಹೇಳ್ಬಾರ್ದಿತ್ತಾ, ತಾಯಿ?"

"ಅದನ್ನ ಹೇಳೋಕೆ ಮೊದಲು ನಾನ್ಯಾರು ಅಂತ ಹೇಳ್ಬೇಕಿತ್ತು ಗೌಡ್ರೇ. ಕನ್ನಡ ಬಾವುಟ ತೆಗೀರಿ ಅಂತ ಒಬ್ಬಳು ತಮಿಳಿನವಳು, ನಿಮ್ಮ ಗೋಡೌನಲ್ಲಿ ನಿಂತು ಹೇಳಿದ್ರೆ?" ಅವಳ ದನಿ ಏರಲಿಲ್ಲ. "ಬಿಳಿ ಹಾಕಿ ಅಂದೆ. ಅಷ್ಟೇ ಧೈರ್ಯ ಇದ್ದದ್ದು."

ಗೌಡರು ತಲೆ ತಗ್ಗಿಸಿದರು. ಕೇಳುತ್ತಿದ್ದೆ ಎಂದಿದ್ದರೆ ಸುಳ್ಳಾಗುತ್ತಿತ್ತು, ಕೇಳುತ್ತಿರಲಿಲ್ಲ ಎಂದಿದ್ದರೂ. ಅವತ್ತು ಅವರು ಏನು ಮಾಡುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಶಾಂತವ್ವ ಮಾತ್ರ ಅಳತೊಡಗಿದಳು. "ಬಿಚ್ಚಬಾರ್ದು ಅಂತ ಎರಡೆರಡು ಹೊಲಿಗಿ ಹಾಕೀನ್ರೀ ಅಕ್ಕಾರ, ಎರಡೆರಡು ಹೊಲಿಗಿ."

ಆ ಹೊಲಿಗೆಯೇ ಮುಳುವಾಯಿತು. ಮೇಲೆ ಕಟ್ಟಿದ್ದರೆ ಕತ್ತರಿಸಿ ಎಸೆಯಬಹುದಿತ್ತು. ಬಾಯಿಗೇ ಸೇರಿಸಿ ಹೊಲಿದದ್ದರಿಂದ ಮೂಟೆಗಳನ್ನೇ ಬಿಚ್ಚಬೇಕು. ಬಿಚ್ಚಿದ ಮೇಲೆ ಒಳಗಿರುವ ಒಂದೊಂದನ್ನೂ ಹೊಸದಾಗಿ ತಪಾಸಣೆ ಮಾಡಿಸಬೇಕು, ಬೇರೆ ಚೀಲ ತರಬೇಕು, ಮತ್ತೆ ಅನುಮತಿಗೆ ಕಾಯಬೇಕು. ಗೌಡರು ಚೆನ್ನೈಗೆ ಹೋಗಿ ಬಂದರು. ಕಂಡ ಕಂಡವರಿಗೆಲ್ಲ ನಮ್ಮ ರಾಜ್ಯೋತ್ಸವದ ಫೋಟೊ ತೋರಿಸಿ ಬಣ್ಣದ ಅರ್ಥ ವಿವರಿಸಿದರಂತೆ. ಕೇಳಿದವರು ನಂಬಿದರು, ಆದರೆ ಅವರಾರೂ ವವುನಿಯಾದ ತಪಾಸಣೆ ಠಾಣೆಯಲ್ಲಿ ಇರಲಿಲ್ಲ. ಠಾಣೆಯವರನ್ನು ನಾನು ದೂರಲಾರೆ. ದಿನವೂ ಹೆಣ ನೋಡುವ ಜಾಗದಲ್ಲಿ ನಿಂತವನಿಗೆ ಬೆಂಗಳೂರಿನ ನವೆಂಬರು ಹೇಗೆ ಗೊತ್ತಾಗಬೇಕು? ಜನವರಿಯಲ್ಲಿ ಕಾಳಗ ರಸ್ತೆಗೇ ಬಂತು. ಲಾರಿಗಳ ಸಾಲು ನಿಂತುಹೋಯಿತು. ನಮ್ಮ ಮೂಟೆಗಳು ಆಗಿನ್ನೂ ಶೆಡ್ಡಿನಲ್ಲೇ ಇದ್ದವು.

ಆಮೇಲಿನ ತಿಂಗಳುಗಳಲ್ಲಿ ಯೋಗೇಶ್ವರಿ ಒಂದು ದಿನವೂ ರಜೆ ಹಾಕಲಿಲ್ಲ. ಬೇರೆಯವರ ಕೂಸುಗಳಿಗೆ ಸ್ನಾನ ಮಾಡಿಸಿದಳು, ಹಾಲೂಡಿಸುವುದನ್ನು ಬಾಣಂತಿಯರಿಗೆ ಹೇಳಿಕೊಟ್ಟಳು. ಊಟದ ಹೊತ್ತಿನಲ್ಲಿ ನನ್ನ ಕೌಂಟರಿನ ಹಿಂದೆ ಬಂದು ಕೂತು, ರೇಡಿಯೊದಲ್ಲಿ ತಮಿಳು ವಾರ್ತೆ ಕೇಳುತ್ತಿದ್ದಳು, ದನಿಯನ್ನು ಆದಷ್ಟು ತಗ್ಗಿಸಿ. ಸುರಕ್ಷಿತ ವಲಯವೆಂದು ಸಾರಿದ ಜಾಗಕ್ಕೆ ಜನ ಹೋಗಬೇಕೆಂದು ಒಂದು ದಿನ ಹೇಳುತ್ತಿದ್ದರು. ಕೆಲವು ದಿನ ಕಳೆದರೆ ಅಲ್ಲಿಯೂ ಗುಂಡು ಬಿತ್ತೆಂದು ಹೇಳುತ್ತಿದ್ದರು. ಮೇ ತಿಂಗಳಲ್ಲಿ ಯುದ್ಧ ಮುಗಿಯಿತೆಂದರು. ಅವಳು ರೇಡಿಯೊ ಆರಿಸಿ, ಡಬ್ಬಿಯ ಅನ್ನ ಹಾಗೆಯೇ ಮುಚ್ಚಿಟ್ಟು ವಾರ್ಡಿಗೆ ಹೋದಳು.

ಭುವನಾ ಬದುಕಿದ್ದಳು. ಮುಳ್ಳುತಂತಿಯ ಶಿಬಿರವೊಂದರಿಂದ ಫೋನು ಬಂದದ್ದು ಆಗಸ್ಟಿನ ಹೊತ್ತಿಗೆ. ಮಗು ಮಾರ್ಚಿನಲ್ಲೇ ಹೋಗಿತ್ತು. ಗುಂಡು ತಗುಲಿ ಅಲ್ಲ. ಮರಳು ತೋಡಿದ ಗುಂಡಿಯಲ್ಲಿ, ಭೇದಿಯಾಗಿ, ಕುಡಿಸಲು ಏನೂ ಇಲ್ಲದೆ. ನಾನು ತರಿಸಿದ ಲವಣದ ಪುಡಿಯ ಪೊಟ್ಟಣಗಳು ಆಗ ಎಲ್ಲಿದ್ದವೆಂದು ನನಗೆ ಗೊತ್ತು. ಡಿಸೆಂಬರಿನಲ್ಲೇ ಅವು ಒಳಗೆ ಹೋಗಿದ್ದರೆ ಮಾರ್ಚಿನವರೆಗೆ ಉಳಿಯುತ್ತಿದ್ದವೇ, ಆ ಗುಂಡಿಯವರೆಗೆ ಒಂದಾದರೂ ತಲುಪುತ್ತಿತ್ತೇ, ಹೇಳಲಾರೆ. ತಲುಪುತ್ತಿರಲಿಲ್ಲವೆಂದೂ ಹೇಳಲಾರೆ. ಮಳೆಗೆ ಹಾಳಾಗದೆ ಉಳಿದ ಸಾಮಾನನ್ನು ಬೇರೆ ಚೀಲಕ್ಕೆ ತುಂಬಿ ಕೊನೆಗೆ ಶಿಬಿರಗಳಿಗೆ ಹಂಚಿದರಂತೆ. ಭುವನಾಳ ಪಾಲಿಗೂ ಒಂದು ಹಾಲಿನ ಪುಡಿಯ ಪೊಟ್ಟಣ ಬಂತು. ದೇವರ ಮನೆಯ ವಾಸನೆ ಇತ್ತು ಅದಕ್ಕೆ ಎಂದಳಂತೆ. ನಮ್ಮದೇ ಇರಬೇಕು. ಅದರಲ್ಲಿ ಅವಳು ಗುಡಾರದ ನೆರೆಯವರಿಗೆಲ್ಲ ಚಹಾ ಮಾಡಿಕೊಟ್ಟಳು.

ಇದನ್ನು ಯೋಗೇಶ್ವರಿ ನನಗೆ ಹೇಳಿದ ಮರುವಾರವೋ ಏನೋ, ಗೌಡರು ಮಾತ್ರೆಗೆ ಬಂದರು. ಆ ವರ್ಷದಲ್ಲಿ ಬಹಳ ಇಳಿದುಹೋಗಿದ್ದರು. ಸಂಘದ ಅಧ್ಯಕ್ಷಗಿರಿ ಬಿಟ್ಟಿದ್ದರು. ಕಾರಣ ಯಾರಿಗೂ ಹೇಳಿರಲಿಲ್ಲ. ಮಾತ್ರೆ ತೆಗೆದುಕೊಂಡ ಮೇಲೂ ಕೌಂಟರಿನ ಮುಂದಿನ ಬೆಂಚಿನಲ್ಲಿ ಕೂತರು. ಯೋಗೇಶ್ವರಿ ವಾರ್ಡಿನಿಂದ ಔಷಧಿಗೆಂದು ಇಳಿದು ಬಂದಾಗ ಎದ್ದು ನಿಂತರು.

"ತಾಯಿ, ಯುದ್ಧ ಮುಗೀತಂತಲ್ಲ. ಅಕ್ಕ ಸಿಕ್ಕಿದ್ಲಾ?"

"ಸಿಕ್ಕಿದ್ಲು ಗೌಡ್ರೇ. ಶಿಬಿರದಲ್ಲಿದಾಳೆ."

"ಮಗು?"

ನಾನು ಚೀಟಿ ನೋಡುವವಳಂತೆ ತಲೆ ಬಗ್ಗಿಸಿದೆ.

"ಚೆನ್ನಾಗಿದೆ" ಎಂದಳು ಯೋಗೇಶ್ವರಿ. "ನಮ್ಮ ಹಾಲಿನ ಪುಡಿ ಸಿಕ್ಕಿತಂತೆ."

ಗೌಡರ ಮುಖ ನೋಡಲು ನನಗಾಗಲಿಲ್ಲ. ಅವರು ಎರಡೂ ಕೈಯಿಂದ ಕೌಂಟರಿನ ಅಂಚು ಹಿಡಿದುಕೊಂಡದ್ದು ಮಾತ್ರ ಕಂಡಿತು. ಸಂಚಿಯಿಂದ ಒಂದು ಪೊಟ್ಟಣ ತೆಗೆದು ಅವಳ ಮುಂದಿಟ್ಟರು. ಚಿಕ್ಕಪೇಟೆಯಲ್ಲಿ ತಂದ ಲಂಗ, ರವಿಕೆ; ತಿಳಿ ಗುಲಾಬಿ ಬಣ್ಣ. "ವರ್ಷ ತುಂಬ್ತದಲ್ಲ ಈಗ. ಹೆಂಗಾದ್ರೂ ಕಳಿಸ್ಕೊಡು" ಎಂದರು.

ಯೋಗೇಶ್ವರಿ ಅದನ್ನು ಬಿಡಿಸಿ, ಕೈಗಳ ನಡುವೆ ಹಿಡಿದು ನೋಡಿದಳು. "ಸ್ವಲ್ಪ ದೊಡ್ಡದಾಗತ್ತೇನೋ, ಗೌಡ್ರೇ" ಎಂದಳು.

"ಬೆಳೆಯೋ ಮಕ್ಕಳಿಗೆ ದೊಡ್ಡದೇ ತಗೋಬೇಕು ಕಣವ್ವ" ಎಂದರು ಗೌಡರು.